ಸಂತಾನ, ನೆಚ್ಚಿಕೆ, ಸ್ತ್ರೀವಿದ್ಯೆ: ಮೈಸೂರು ಸೀಮೆಯ ಜನನಪ್ರಮಾಣದ ಚರಿತ್ರೆ

1

ಮೈಸೂರು ಸಂಸ್ಥಾನದ ಸರ್ಕಾರದವರು 1930ನೆಯ ಇಸವಿ ಜೂನ್ ತಿಂಗಳಲ್ಲಿ ಆಜ್ಞೆಯೊಂದನ್ನು ಹೊರಡಿಸಿ, ಸಂಸ್ಥಾನದ ಮುಖ್ಯ ಆಸ್ಪತ್ರೆಗಳಲ್ಲಿ ಸಂತಾನನಿಯಂತ್ರಣದ ವಿಷಯವಾಗಿ ದಂಪತಿಗಳಿಗೆ ಸಲಹೆ ಕೊಡುವ ಶಾಖೆಗಳನ್ನು ತೆರೆಯಲು ಅನುಮತಿಯಿತ್ತರು. ಸರ್ಕಾರವೊಂದು ತಾನಾಗಿಯೇ ತೆರೆದ ಇಂತಹ ಶಾಖೆಗಳಲ್ಲಿ ಇವು ಲೋಕದಲ್ಲಿಯೇ ಮೊದಲನೆಯವೆಂದು ಜನಸಂಖ್ಯೆಯ ಚರಿತ್ರೆಯನ್ನು ಬರೆದವರು ಎಣಿಸುತ್ತಾರೆ. ಆದರೆ ಆ ಆಜ್ಞೆಯು ಹೊರಟ ಇಪ್ಪತ್ತು ವರ್ಷಗಳ ಮೇಲೂ ಸೀಮೆಯ ಜನನಪ್ರಮಾಣದಲ್ಲಿ ಹೇಳಿಕೊಳ್ಳುವಂತಹ ಇಳಿಕೆಯೇನೂ ಕಾಣಲಿಲ್ಲ. ಅದೇ ಸೀಮೆಯನ್ನು ಒಳಗೊಂಡಿರುವ ಇಂದಿನ ಕರ್ನಾಟಕದಲ್ಲಿ, 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಒಬ್ಬ ಸ್ತ್ರೀಗೆ ತನ್ನ ಜೀವಮಾನದಲ್ಲಿ ಹುಟ್ಟುವ ಮಕ್ಕಳ ಸರಾಸರಿ 1.7 ಮಾತ್ರ. ಒಂದು ತಲೆಮಾರು ತನ್ನಷ್ಟೇ ಸಂಖ್ಯೆಯ ಮತ್ತೊಂದು ತಲೆಮಾರನ್ನು ಬಿಟ್ಟುಹೋಗಲು ಬೇಕಾದ 2.1ಕ್ಕಿಂತಲೂ ಇದು ಕಡಮೆ. ಈ ಎರಡು ಸಂಗತಿಗಳ ನಡುವಣ ತೊಂಬತ್ತು ವರ್ಷಗಳಲ್ಲಿ ನಡೆದುದೇನು ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಈ ವಿಷಯದಲ್ಲಿ ಸಾಮಾನ್ಯವಾಗಿ ಎರಡು ಅಭಿಪ್ರಾಯಗಳು ಕೇಳಿಬರುತ್ತವೆ. ಸಾಧನಗಳೂ ಚಿಕಿತ್ಸಾಲಯಗಳೂ ಜನರ ಕೈಗೆ ಎಟುಕುವಂತಾದುದರಿಂದ ಮಕ್ಕಳ ಸಂಖ್ಯೆ ಇಳಿಯಿತೆಂಬುದು ಒಂದು. ಹೆಣ್ಣುಮಕ್ಕಳು ವಿದ್ಯಾವಂತರಾದುದರಿಂದ ಇಳಿಯಿತೆಂಬುದು ಮತ್ತೊಂದು. ಎರಡರಲ್ಲಿಯೂ ಸತ್ಯಾಂಶವುಂಟು. ಆದರೆ ಮೊದಲನೆಯದೊಂದೇ ಸಾಕಾಗಿದ್ದರೆ 1930ರ ಆಜ್ಞೆಯು ಫಲಿಸಬೇಕಾಗಿದ್ದಿತು. ಎರಡನೆಯದೊಂದೇ ಸಾಕಾಗಿದ್ದರೆ ಅಕ್ಷರವರಿಯದ ತಾಯಂದಿರು ಎರಡು ಮೂರು ಮಕ್ಕಳಿಗೆ ನಿಲ್ಲಿಸಿರುವುದನ್ನು ವಿವರಿಸುವುದು ಕಷ್ಟವಾಗುತ್ತದೆ. ಇವೆರಡನ್ನೂ ಕೂಡಿಸುವ ಮೂರನೆಯದೊಂದು ಕೊಂಡಿಯಿರಬೇಕು. ಅದನ್ನು ನಾವು ಇಲ್ಲಿ ‘ನೆಚ್ಚಿಕೆ’ ಎಂಬ ಹಳೆಯ ಮಾತಿನಿಂದ ಕರೆಯುತ್ತೇವೆ.

ಮಕ್ಕಳ ವಿಷಯದಲ್ಲಿ ನೆಚ್ಚಿಕೆಯು ನಾಲ್ಕು ಬಗೆಯಾಗಿ ಕಾಣುತ್ತದೆ. ಹುಟ್ಟಿದ ಕೂಸು ಉಳಿಯುವುದೆಂಬ ನೆಚ್ಚಿಕೆ ಮೊದಲನೆಯದು. ಮುಪ್ಪಿನಲ್ಲಿಯೂ ವೈಧವ್ಯದಲ್ಲಿಯೂ ಗಂಡುಮಕ್ಕಳ ಸಾಲಿನ ಹೊರತಾಗಿ ಬೇರೆ ಆಸರೆಯೂ ಇದೆಯೆಂಬುದು ಎರಡನೆಯದು. ವೈದ್ಯರು, ಉಪಾಧ್ಯಾಯಿನಿ, ಸರ್ಕಾರದ ನೌಕರ ಮೊದಲಾದ ಪರರು ಆಡುವ ಮಾತು ತನ್ನ ಹಿತಕ್ಕಾಗಿಯೇ ಆಡಿದ್ದೆಂಬುದು ಮೂರನೆಯದು. ಮನೆಯೊಳಗೆ ತನ್ನ ಮಾತಿಗೂ ಬೆಲೆಯುಂಟೆಂದು ಹೆಂಡತಿಯಾದವಳಿಗೆ ಇರುವ ನೆಚ್ಚಿಕೆ ನಾಲ್ಕನೆಯದು. ಸ್ತ್ರೀವಿದ್ಯೆಯು ಜನನಪ್ರಮಾಣದ ಮೇಲೆ ಕೆಲಸ ಮಾಡುವುದು ಈ ನಾಲ್ಕರ ಮೂಲಕವಾಗಿ; ಇವು ಬೆಳೆಯುವುದಕ್ಕೆ ಮುಂಚೆ ರಾಜಾಜ್ಞೆಯಾಗಲಿ, ಒಂದೆರಡು ತರಗತಿಗಳ ಓದಾಗಲಿ ಫಲಕೊಡಲಾರದು. ಮೈಸೂರು ಸೀಮೆಯ ಚರಿತ್ರೆಯಿಂದ ನಮಗೆ ತೋರಿಬರುವುದು ಇದೇ.

2

ಹಿಂದಿನವರು ಬಹುಸಂತಾನವನ್ನು ಬಯಸಿದುದು ಅಜ್ಞಾನದಿಂದ ಎಂದು ಹೇಳುವುದು ವಾಡಿಕೆಯಾಗಿದೆ. ಖಾನೇಷುಮಾರಿಯ ಅಂಕಿಗಳನ್ನು ನೋಡಿದವರು ಹಾಗೆ ಹೇಳಲಾರರು. 1871ರಲ್ಲಿ ಮೈಸೂರು ಸೀಮೆಯ ಜನಸಂಖ್ಯೆ 50,55,412 ಆಗಿದ್ದಿತು. 1881ರಲ್ಲಿ ಎಣಿಸಿದಾಗ ಅದು 41,86,188ಕ್ಕೆ ಇಳಿದಿದ್ದಿತು. ಈ ಎರಡು ಎಣಿಕೆಗಳ ನಡುವೆ, ಜನರು ಧಾತು ಈಶ್ವರದ ಬರವೆಂದು ತಲೆಮಾರುಗಳ ಕಾಲ ನೆನೆದ 1876–78ರ ಮಹಾಕ್ಷಾಮವು ಹಾದುಹೋಗಿದ್ದಿತು. ಹತ್ತು ವರ್ಷಗಳಲ್ಲಿ ಸೀಮೆಯು ಬೆಳೆಯಬೇಕಾದಷ್ಟು ಬೆಳೆಯದೆ ಹೋದುದಷ್ಟೇ ಅಲ್ಲದೆ, ಇದ್ದವರಲ್ಲಿಯೂ ಆರರಲ್ಲಿ ಒಂದು ಪಾಲಿಗಿಂತ ಹೆಚ್ಚು ಕುಗ್ಗಿದ್ದಿತು. ಆ ಗಾಯವು ಮಾಯುವ ಹೊತ್ತಿಗೆ 1898ರಲ್ಲಿ ಪ್ಲೇಗು ಬಂದಿತು. 1918ರಲ್ಲಿ ಇನ್‌ಫ್ಲುಯೆಂಜಾ ಬಂದಿತು. 1911ರಲ್ಲಿ 58,06,193 ಇದ್ದ ಜನಸಂಖ್ಯೆಯು 1921ರಲ್ಲಿ 59,78,892ಕ್ಕೆ ಮಾತ್ರ ಏರಿದ್ದಿತೆಂದರೆ, ಹತ್ತು ವರ್ಷಗಳ ಹೆಚ್ಚಿಗೆಯು ನೂರಕ್ಕೆ ಮೂರರಷ್ಟೂ ಆಗಲಿಲ್ಲವೆಂದಾಯಿತು.

ಇಂತಹ ಕಾಲದಲ್ಲಿ ವಧುವಿಗೆ ‘ಅಷ್ಟಪುತ್ರವತೀ ಭವ’ ಎಂದು ಹರಸಿದ ಹಿರಿಯರು ಲೆಕ್ಕವನ್ನು ಬಲ್ಲವರೇ ಆಗಿದ್ದರು. ಎಂಟು ಹೆತ್ತರೆ ನಾಲ್ಕಾದರೂ ಉಳಿದಾವು, ನಾಲ್ಕರಲ್ಲಿ ಒಬ್ಬ ಗಂಡುಮಗನಾದರೂ ಮುಪ್ಪಿನಲ್ಲಿ ಕೈಹಿಡಿದಾನು ಎಂಬುದು ಆ ಹರಕೆಯ ಒಳಗಿದ್ದ ಗಣಿತ. ಹೆಣ್ಣಿಗಂತೂ ಇದು ಮತ್ತಷ್ಟು ನಿಜ. ಗಂಡನ ಮನೆಯಲ್ಲಿ ಸೊಸೆಗೆ ಸ್ಥಾನ ದೊರೆಯುತ್ತಿದ್ದುದು ಮಗನನ್ನು ಹೆತ್ತ ಮೇಲೆ. ಗಂಡನು ಸತ್ತರೆ ಅವಳಿಗೆ ಉಳಿಯುತ್ತಿದ್ದ ಆಸ್ತಿಯೂ ಆಸರೆಯೂ ಮಗನ ಮೂಲಕವಾಗಿಯೇ ಬರುತ್ತಿದ್ದವು. ಬಂಜೆಯೆಂಬ ಮಾತು ಬೈಗುಳಾಗಿದ್ದುದೂ ಇದರಿಂದಲೇ. ಹೀಗೆ ಮೊದಲನೆಯ ಮತ್ತು ಎರಡನೆಯ ನೆಚ್ಚಿಕೆಗಳೆರಡೂ ಇಲ್ಲದೆಡೆಯಲ್ಲಿ ಬಹುಸಂತಾನವೊಂದೇ ವಿವೇಕದ ಮಾರ್ಗವಾಗಿದ್ದಿತು.

3

ಈ ಹಿನ್ನೆಲೆಯಲ್ಲಿ 1930ರ ಆಜ್ಞೆಯನ್ನು ನೋಡಬೇಕು. ನಾಲ್ವಡಿ ಕೃಷ್ಣರಾಜ ಒಡೆಯರವರು ಆಳುತ್ತಿದ್ದ, ಮಿರ್ಜಾ ಇಸ್ಮಾಯಿಲ್‌ರವರು ದಿವಾನರಾಗಿದ್ದ ಕಾಲವದು. ದೇಶದ ಬೇರೆಡೆಗಳಲ್ಲಿ ಈ ವಿಷಯವನ್ನು ಬಹಿರಂಗವಾಗಿ ಎತ್ತುವುದೇ ಸಾಹಸವಾಗಿದ್ದಿತು. ಮುಂಬಯಿಯಲ್ಲಿ ರಘುನಾಥ ಧೋಂಡೋ ಕರ್ವೆಯವರು 1921ರಿಂದ ಸ್ವಂತ ಹೊಣೆಯ ಮೇಲೆ ಚಿಕಿತ್ಸಾಲಯವನ್ನು ನಡೆಸುತ್ತಾ ಲೋಕನಿಂದೆಗೆ ಗುರಿಯಾಗಿದ್ದರು. ಅಖಿಲ ಭಾರತ ಮಹಿಳಾ ಪರಿಷತ್ತು ಇದನ್ನು ಅನುಮೋದಿಸಿ ನಿರ್ಣಯ ಮಾಡಿದುದು 1932ರಲ್ಲಿ. ಮಾರ್ಗರೆಟ್ ಸ್ಯಾಂಗರ್ ಎಂಬ ಅಮೆರಿಕದ ಮಹಿಳೆಯು 1935ರ ಡಿಸೆಂಬರಿನಲ್ಲಿ ವಾರ್ಧಾದಲ್ಲಿ ಗಾಂಧೀಜಿಯವರನ್ನು ಕಂಡು ವಾದಿಸಿದಾಗ, ಸ್ತ್ರೀಯು ತನ್ನ ಗಂಡನಿಗೆ ಇಲ್ಲವೆನ್ನಲು ಶಕ್ತಳಾಗಬೇಕೆಂಬುದನ್ನು ಅವರು ಒಪ್ಪಿದರು. ಕೃತಕ ಸಾಧನಗಳನ್ನು ಮಾತ್ರ ಒಪ್ಪದೆ ಸಂಯಮವೊಂದೇ ಸಾಧುವಾದ ಮಾರ್ಗವೆಂದು ನಿಂತರು. ಇಂತಹ ಕಾಲದಲ್ಲಿ ಒಂದು ದೇಶೀಯ ಸಂಸ್ಥಾನವು ಹೆಜ್ಜೆಯಿಟ್ಟಿತೆಂಬುದು ಅದರ ದೂರದೃಷ್ಟಿಗೆ ಸಾಕ್ಷಿ.

ಆದರೆ ಆ ಆಜ್ಞೆಯು ಯಾರನ್ನು ಉದ್ದೇಶಿಸಿತ್ತೋ ಆ ತಾಯಂದಿರ ಸ್ಥಿತಿ ಹೇಗಿದ್ದಿತು? ಮೈಸೂರಿನಲ್ಲಿ ಮಹಾರಾಣಿಯವರ ಹೆಣ್ಣುಮಕ್ಕಳ ಪಾಠಶಾಲೆಯು 1881ರಲ್ಲಿ ಅಂಬಳೆ ನರಸಿಂಹಯ್ಯಂಗಾರ್ಯರ ಪ್ರಯತ್ನದಿಂದ ಹುಟ್ಟಿ, ಕ್ರಮೇಣ ಕಾಲೇಜಾಗಿ ಬೆಳೆದುದು ಪ್ರಸಿದ್ಧವಾಗಿಯೇ ಇದೆ. ಆದರೂ ಇಡೀ ಸಂಸ್ಥಾನವನ್ನು ತೆಗೆದುಕೊಂಡರೆ 1930ರ ಹೊತ್ತಿಗೆ ಓದುಬರಹ ಬಲ್ಲ ಸ್ತ್ರೀಯರು ನೂರಕ್ಕೆ ಹತ್ತನ್ನೂ ಮುಟ್ಟಿರಲಿಲ್ಲ. ಶಾಲೆಗೆ ಹೋದವರಲ್ಲಿಯೂ ಬಹುಮಂದಿ ಮದುವೆಯ ಹೊತ್ತಿಗೆ ಓದನ್ನು ಬಿಡುತ್ತಿದ್ದರು. 1894ರ ಶಿಶುವಿವಾಹ ನಿರೋಧದ ಕಾನೂನು ತನ್ನ ಕಾಲಕ್ಕೆ ಧೀರವಾದುದೇ; ಆದರೂ ಅದು ತಡೆದುದು ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ಮದುವೆಯನ್ನು, ಮತ್ತು ಐವತ್ತು ದಾಟಿದ ಗಂಡಸರು ಹದಿನಾಲ್ಕು ತುಂಬದ ಹುಡುಗಿಯರನ್ನು ಕೈಹಿಡಿಯುವುದನ್ನು ಮಾತ್ರ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಆ ಕಾಲದ ವಿದ್ಯಾವತಿಯರಲ್ಲಿ ಎದ್ದು ಕಾಣುವ ಹಲವರು ಬಾಲವಿಧವೆಯರು. ನಂಜನಗೂಡು ತಿರುಮಲಾಂಬಾ ಅವರು 1887ರಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಮದುವೆಯಾಗಿ, ಹದಿನಾಲ್ಕನೆಯ ವಯಸ್ಸಿನಲ್ಲಿಯೇ ವಿಧವೆಯಾದವರು. ಆಮೇಲೆ ತಂದೆಯವರ ಆಶ್ರಯದಲ್ಲಿ ವಿದ್ಯೆಯನ್ನು ಬೆಳೆಸಿಕೊಂಡು, ಗ್ರಂಥಮಾಲೆಯನ್ನೂ ಪತ್ರಿಕೆಯನ್ನೂ ನಡೆಸಿ ಕನ್ನಡ ನಾಡಿನ ಸ್ತ್ರೀಯರಿಗೆ ದಾರಿ ತೋರಿದರು. ಅವರ ಸಾಧನೆಯು ಎಷ್ಟು ದೊಡ್ಡದಾದರೂ, ನೆರೆಮನೆಯ ಗೃಹಿಣಿಯ ಕಣ್ಣಿಗೆ ವಿದ್ಯೆಯೆಂಬುದು ಸಂಸಾರವಿಲ್ಲದವಳ ಪಾಲಿಗೆ ಬಂದ ಆಸರೆಯಾಗಿಯೇ ತೋರಿರಬೇಕು. ವಿದ್ಯೆ ಮತ್ತು ತಾಯ್ತನ ಎರಡೂ ಒಬ್ಬಳಲ್ಲಿಯೇ ಕೂಡಿ ಬರುವುದು ಇನ್ನೂ ವಿರಳವಾಗಿದ್ದಿತು. ವಿದ್ಯೆಯು ತಾಯ್ತನದ ಹೊರಗಿದ್ದಷ್ಟು ಕಾಲವೂ ಅದು ಜನನಪ್ರಮಾಣವನ್ನು ಮುಟ್ಟಲಾರದು.

ಮೂರನೆಯ ನೆಚ್ಚಿಕೆಯ ಮಾತೂ ಹೀಗೆಯೇ. ಹಳ್ಳಿಯ ಹೆಂಗಸಿಗೆ ಹೆರಿಗೆಯ ಕಾಲದಲ್ಲಿ ಆಪ್ತಳಾಗಿದ್ದವಳು ಊರಿನ ಸೂಲಗಿತ್ತಿ. ಆಸ್ಪತ್ರೆಯು ಪಟ್ಟಣದಲ್ಲಿದ್ದಿತು, ಪರಪುರುಷರ ಆಡಳಿತದಲ್ಲಿದ್ದಿತು. ಸರ್ಕಾರವೆಂದರೆ ಅವಳ ಅನುಭವದಲ್ಲಿ ಕಂದಾಯದ ವಸೂಲಿ. ಪ್ಲೇಗಿನ ಕಾಲದಲ್ಲಿ ಮನೆಯನ್ನು ಬಿಡಿಸಿ ಊರ ಹೊರಗಿನ ಗುಡಿಸಲುಗಳಿಗೆ ಕಳುಹಿಸಿದ ಅಧಿಕಾರ. ಆ ಕ್ರಮಗಳು ಜನರ ಪ್ರಾಣರಕ್ಷಣೆಗಾಗಿಯೇ ಆಗಿದ್ದರೂ, ಕಾರಣವನ್ನು ಅವಳಿಗೆ ಅವಳ ಮಾತಿನಲ್ಲಿ ತಿಳಿಸಿ ಹೇಳಿದವರು ಕಡಮೆ. ಅದೇ ಅಧಿಕಾರವು ಈಗ ಅಂತರಂಗದ ವಿಷಯದಲ್ಲಿ ಸಲಹೆ ಕೊಡುತ್ತೇನೆಂದರೆ ಅವಳು ನೆಚ್ಚುವುದೆಂತು? 1931ರಲ್ಲಿ 65,57,302 ಇದ್ದ ಸಂಸ್ಥಾನದ ಜನಸಂಖ್ಯೆಯು 1941ರಲ್ಲಿ 73,29,140 ಆಯಿತು. ಸಾವು ಕಡಮೆಯಾಗುತ್ತ ಬಂದಿದ್ದಿತು. ಹುಟ್ಟು ಹಾಗೆಯೇ ಇದ್ದಿತು.

ಆ ದಶಕದಲ್ಲಿಯೇ ಆದ ಮತ್ತೊಂದು ಕಾನೂನನ್ನು ಜನಸಂಖ್ಯೆಯನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ನೆನೆಯುವುದಿಲ್ಲ. ಹಿಂದೂ ಧರ್ಮಶಾಸ್ತ್ರಕ್ಕೆ ಒಳಪಟ್ಟ ಸ್ತ್ರೀಯರ ಹಕ್ಕುಗಳನ್ನು ವಿಸ್ತರಿಸಿದ 1933ರ ಮೈಸೂರು ಕಾಯಿದೆಯು ವಿಧವೆಗೂ ಇತರ ಸ್ತ್ರೀಯರಿಗೂ ಕುಟುಂಬದ ಆಸ್ತಿಯಲ್ಲಿ ಭಾಗವನ್ನು ಒದಗಿಸಿತು. ಮಗನಿಲ್ಲದಿದ್ದರೂ ತನಗೊಂದು ನೆಲೆಯುಂಟೆಂಬ ಭಾವನೆಯು ಹೆಣ್ಣಿನಲ್ಲಿ ಬೆಳೆಯಲು ಇಂತಹ ಕಾನೂನುಗಳೇ ಬೀಜ. 1930ರ ಆಜ್ಞೆಗಿಂತ 1933ರ ಕಾಯಿದೆಯೇ ನಮ್ಮ ವಿಷಯಕ್ಕೆ ಹೆಚ್ಚು ಸಮೀಪವಾದುದೆಂದು ನಮ್ಮ ಅಭಿಪ್ರಾಯ.

4

ಸ್ವಾತಂತ್ರ್ಯಾನಂತರ ಈ ಸೀಮೆಯು ಮತ್ತೆ ಲೋಕದ ವಿದ್ವಾಂಸರ ಗಮನವನ್ನು ಸೆಳೆಯಿತು. ಸಂಯುಕ್ತ ರಾಷ್ಟ್ರಸಂಸ್ಥೆಯವರೂ ಭಾರತ ಸರ್ಕಾರದವರೂ ಸೇರಿ 1951–52ರಲ್ಲಿ ಬೆಂಗಳೂರು ನಗರದಲ್ಲಿಯೂ ಸಂಸ್ಥಾನದ ಹಳ್ಳಿಗಳಲ್ಲಿಯೂ ಮನೆಮನೆಯ ವಿಚಾರಣೆ ನಡೆಸಿದರು. ಮೈಸೂರು ಜನಸಂಖ್ಯಾ ಅಧ್ಯಯನವೆಂಬ ಹೆಸರಿನ ಅದರ ವರದಿಯು 1961ರಲ್ಲಿ ಪ್ರಕಟವಾಯಿತು. ಅದರಲ್ಲಿ ಎರಡು ಅಂಶಗಳು ನಮ್ಮ ಪ್ರಕರಣಕ್ಕೆ ಮುಖ್ಯವಾದುವು.

ಒಂದನೆಯದಾಗಿ, ಇನ್ನು ಮಕ್ಕಳು ಸಾಕೆಂಬ ಬಯಕೆಯು ಬಹುಮಂದಿ ಸ್ತ್ರೀಯರಲ್ಲಿ ಆಗಲೇ ಇದ್ದಿತು. ಉಪಾಯವನ್ನು ಕಲಿಸಿದರೆ ಕಲಿಯುತ್ತೇವೆಂದು ಹೇಳಿದವರು ಹಳ್ಳಿಗಳಲ್ಲಿಯೂ ಅನೇಕರಿದ್ದರು. ಆದರೆ ಆಚರಣೆಯಲ್ಲಿ ಅದರ ಗುರುತು ಬಹು ಅಲ್ಪ. ಎರಡನೆಯದಾಗಿ, ಓದಿನಿಂದ ಮಕ್ಕಳ ಸಂಖ್ಯೆಯಲ್ಲಿ ಸ್ಪಷ್ಟವಾದ ಅಂತರ ಕಂಡುಬಂದುದು ಪ್ರೌಢಶಾಲೆಯ ಮಟ್ಟವನ್ನು ಮುಟ್ಟಿದ ಸ್ತ್ರೀಯರಲ್ಲಿ ಮಾತ್ರ. ಪ್ರಾಥಮಿಕ ಶಾಲೆಯಲ್ಲಿ ಕೆಲವು ವರ್ಷ ಕುಳಿತೆದ್ದವಳಿಗೂ ಅಕ್ಷರವರಿಯದವಳಿಗೂ ಈ ವಿಷಯದಲ್ಲಿ ಹೆಚ್ಚು ವ್ಯತ್ಯಾಸ ತೋರಲಿಲ್ಲ. ಇದಕ್ಕೆ ಕಾರಣವೇನು? ಕಾಗುಣಿತವನ್ನು ಕಲಿತ ಮಾತ್ರಕ್ಕೆ ಮನೆಯಲ್ಲಿ ಹೆಣ್ಣಿನ ಸ್ಥಾನ ಬದಲಾಗುವುದಿಲ್ಲ. ಹದಿನೈದು ಹದಿನಾರರವರೆಗೆ ಓದಿದವಳ ಮದುವೆಯ ವಯಸ್ಸು ಮೇಲಕ್ಕೆ ಹೋಗುತ್ತದೆ. ಮನೆಯ ಹೊರಗಿನ ಹಿರಿಯರೊಡನೆ ಮಾತನಾಡಿದ ಅಭ್ಯಾಸ ಅವಳಿಗಿರುತ್ತದೆ. ಅತ್ತೆಯೂ ಗಂಡನೂ ಅವಳ ಮಾತನ್ನು ತೆಗೆದುಹಾಕುವ ಮುನ್ನ ಒಂದು ಸಲ ಯೋಚಿಸುತ್ತಾರೆ. ನಾಲ್ಕನೆಯ ನೆಚ್ಚಿಕೆಯು ಹುಟ್ಟುವುದು ಇಲ್ಲಿ.

ಇದೇ ಕಾಲದಲ್ಲಿ, ಹಿಂದೆ ಕ್ಲೋಸ್‌ಪೇಟೆಯೆನಿಸಿದ್ದ ರಾಮನಗರದಲ್ಲಿ ನಡೆದ ಪ್ರಯೋಗವೊಂದು ಬೋಧಪ್ರದವಾಗಿದೆ. ಕೇಂದ್ರದ ಆರೋಗ್ಯ ಸಚಿವೆಯಾಗಿದ್ದ ರಾಜಕುಮಾರಿ ಅಮೃತ್ ಕೌರರು ಗಾಂಧೀಮಾರ್ಗದವರಾದುದರಿಂದ, ತಿಂಗಳಿನ ಕೆಲವು ದಿನಗಳಲ್ಲಿ ಸಂಯಮದಿಂದಿರುವ ವಿಧಾನವನ್ನು ಮಾತ್ರ ಪರೀಕ್ಷಿಸಲು ವಿಶ್ವ ಆರೋಗ್ಯ ಸಂಸ್ಥೆಯ ನೆರವನ್ನು ಕೇಳಿದರು. 1952ರಿಂದ ರಾಮನಗರದ ಸ್ತ್ರೀಯರಿಗೆ ಬೇರೆ ಬೇರೆ ಬಣ್ಣದ ಮಣಿಗಳ ಸರವನ್ನು ಕೊಟ್ಟು, ದಿನಕ್ಕೊಂದು ಮಣಿಯಂತೆ ಸರಿಸಿ, ಬಣ್ಣವನ್ನು ನೋಡಿ ದಿನವನ್ನು ತಿಳಿದುಕೊಳ್ಳಲು ಹೇಳಿಕೊಟ್ಟರು. ಕೊನೆಯವರೆಗೂ ಅದನ್ನು ಅನುಸರಿಸಿದವರು ಅಲ್ಪಸಂಖ್ಯಾಕರು. ಹೆಂಗಸರಿಗೆ ಎಣಿಸಲು ಬಾರದೆ ಹೋದುದೇ ಕಾರಣವೆಂದು ಕೆಲವರು ನಕ್ಕರು. ಎಣಿಸಲು ಬಂದರೂ, ಈ ದಿನ ಬೇಡವೆಂದು ಗಂಡನಿಗೆ ಹೇಳುವ ಅಧಿಕಾರವನ್ನು ಮಣಿಯ ಸರವು ಕೊಡಬಲ್ಲುದೆ? ವಿಧಾನವು ಹೆಂಗಸಿನ ಕೈಯಲ್ಲಿದ್ದಿತು, ನಿರ್ಣಯವು ಅವಳ ಕೈಯಲ್ಲಿರಲಿಲ್ಲ. ಗಾಂಧೀಜಿಯವರು ಸ್ತ್ರೀಯಲ್ಲಿ ಬೆಳೆಯಬೇಕೆಂದು ಬಯಸಿದ ಆ ಶಕ್ತಿಯು ಬೆಳೆಯುವುದಕ್ಕೆ ಮುಂಚೆಯೇ ಅದನ್ನು ಆಧಾರಮಾಡಿಕೊಂಡ ವಿಧಾನವನ್ನು ಅವಳ ಕೊರಳಿಗೆ ಹಾಕಿದಂತಾಯಿತು.

5

ನೆಚ್ಚಿಕೆಯನ್ನು ಬೆಳೆಸಲು ದಶಕಗಳು ಬೇಕು. ಮುರಿಯಲು ಒಂದು ವರ್ಷ ಸಾಕು. ಇದಕ್ಕೆ ಮೈಸೂರನ್ನು ಬಿಟ್ಟು ದೇಶದ ಒಟ್ಟು ಅನುಭವವನ್ನು ನೋಡಬೇಕಾಗುತ್ತದೆ.

ಕೇರಳದ ಎರ್ನಾಕುಲಂನಲ್ಲಿ 1971ರ ಜುಲೈ ತಿಂಗಳಲ್ಲಿ ನಡೆದ ಶಿಬಿರವೊಂದರಲ್ಲಿ ಅರುವತ್ತು ಸಾವಿರಕ್ಕೂ ಹೆಚ್ಚು ಮಂದಿ ಗಂಡಸರು ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ಮಾಡಿಸಿಕೊಂಡರು. ಅವರಿಗೆ ಹಣದ ಮತ್ತು ವಸ್ತುಗಳ ಉತ್ತೇಜನವಿದ್ದುದು ನಿಜ. ಆದರೂ ಈ ಶಸ್ತ್ರಚಿಕಿತ್ಸೆಗೆ ಗಂಡಸರು ಒಲ್ಲರೆಂಬ ಮಾತು ಸುಳ್ಳೆಂದು ಅಂದು ತೋರಿಬಂದಿತು. ಐದು ವರ್ಷಗಳ ತರುವಾಯ ತುರ್ತುಪರಿಸ್ಥಿತಿಯ ಕಾಲದಲ್ಲಿ, 1976–77ನೆಯ ಒಂದೇ ವರ್ಷದೊಳಗೆ, ದೇಶದಲ್ಲಿ ಸುಮಾರು 82 ಲಕ್ಷ ಶಸ್ತ್ರಚಿಕಿತ್ಸೆಗಳು ನಡೆದುವು. ಅವುಗಳಲ್ಲಿ ಸುಮಾರು 62 ಲಕ್ಷ ಗಂಡಸರವು. ನೌಕರರಿಗೆ ಗುರಿಯ ಅಂಕಿಯನ್ನು ಗೊತ್ತುಮಾಡಿ, ಮುಟ್ಟದವರ ಸಂಬಳವನ್ನು ತಡೆದು, ಉತ್ತರದ ಪ್ರಾಂತಗಳಲ್ಲಿ ಪೋಲೀಸರ ಬಲವನ್ನೂ ಬಳಸಿದ ಆ ವರ್ಷದ ಕಥೆಯನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ಮರುವರ್ಷ ಒಟ್ಟು ಸಂಖ್ಯೆಯು ಹತ್ತು ಲಕ್ಷಕ್ಕೂ ಕೆಳಗಿಳಿಯಿತು. ಸರ್ಕಾರದ ಇಲಾಖೆಯು ‘ಕುಟುಂಬ ಯೋಜನೆ’ಯೆಂಬ ಹೆಸರನ್ನು ಬಿಟ್ಟು ‘ಕುಟುಂಬ ಕಲ್ಯಾಣ’ವೆಂಬ ಹೆಸರನ್ನು ತಾಳಿತು.

ಹೆಸರು ಬದಲಾದರೂ ಗಂಡಸರ ನೆಚ್ಚಿಕೆ ಮರಳಲಿಲ್ಲ. ಅಂದಿನಿಂದ ಈ ಕಾರ್ಯದ ಭಾರವೆಲ್ಲವೂ ಹೆಂಗಸಿನ ಮೈಮೇಲೆ ಬಿದ್ದಿತು. 2019–21ರ ಸಮೀಕ್ಷೆಯಲ್ಲಿ ದೇಶದ ವಿವಾಹಿತ ದಂಪತಿಗಳಲ್ಲಿ ಗಂಡನು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿರುವವರು ನೂರಕ್ಕೆ 0.3 ಮಾತ್ರ. ಕರ್ನಾಟಕದಲ್ಲಿ ವಿವಾಹಿತ ಸ್ತ್ರೀಯರಲ್ಲಿ ನೂರಕ್ಕೆ 57ರಷ್ಟು ಮಂದಿ ಆ ಶಸ್ತ್ರಚಿಕಿತ್ಸೆಗೆ ಒಳಗಾದವರು. ಒಂದು ವರ್ಷದ ಬಲಾತ್ಕಾರಕ್ಕೆ ನಲವತ್ತು ವರ್ಷಗಳಿಂದ ಹೆಂಗಸರು ತೆರುತ್ತಿರುವ ದಂಡವಿದು ಎಂದರೆ ಅತಿಶಯೋಕ್ತಿಯಾಗಲಾರದು.

6

ಇಷ್ಟಾದರೂ ಕರ್ನಾಟಕದಲ್ಲಿ ಜನನಪ್ರಮಾಣ ಇಳಿಯಿತು. 1992–93ರ ಮೊದಲನೆಯ ಸಮೀಕ್ಷೆಯಲ್ಲಿ 2.9ರ ಹತ್ತಿರವಿದ್ದ ಸರಾಸರಿಯು 2005–06ರಲ್ಲಿ 2.1ಕ್ಕೂ, 2015–16ರಲ್ಲಿ 1.8ಕ್ಕೂ ಬಂದಿತು. ಇದಕ್ಕೆ ದಾರಿಯಾದ ಮಾರ್ಪಾಡನ್ನು ಹಳ್ಳಿಗಳಲ್ಲಿದ್ದುಕೊಂಡೇ ನೋಡಿದವರು ಆಸ್ಟ್ರೇಲಿಯಾದ ಜಾನ್ ಕಾಲ್ಡ್‌ವೆಲ್, ಪ್ಯಾಟ್ ಕಾಲ್ಡ್‌ವೆಲ್ ಮತ್ತು ಬೆಂಗಳೂರಿನ ಜನಸಂಖ್ಯಾ ಕೇಂದ್ರದ ಪಿ. ಎಚ್. ರೆಡ್ಡಿಯವರು. ದಕ್ಷಿಣ ಕರ್ನಾಟಕದ ಕೆಲವು ಹಳ್ಳಿಗಳಲ್ಲಿ ವರ್ಷಗಟ್ಟಲೆ ವಿಚಾರಣೆ ನಡೆಸಿ ಅವರು 1988ರಲ್ಲಿ ಪ್ರಕಟಿಸಿದ ಗ್ರಂಥದ ತಾತ್ಪರ್ಯವನ್ನು ನಮ್ಮ ಮಾತಿನಲ್ಲಿ ಹೀಗೆ ಹೇಳಬಹುದು. ಮಕ್ಕಳನ್ನು ಶಾಲೆಗೆ ಕಳುಹಿಸಬೇಕೆಂಬುದು ಊರಿನ ಮರ್ಯಾದೆಯ ಮಾತಾದೊಡನೆ ಮಕ್ಕಳ ಲೆಕ್ಕವೇ ತಿರುಗಿಬಿದ್ದಿತು. ದನ ಕಾಯುತ್ತಿದ್ದ, ಕಳೆ ಕೀಳುತ್ತಿದ್ದ ಮಗುವು ಈಗ ಪುಸ್ತಕ, ಬಟ್ಟೆ, ಫೀಜುಗಳನ್ನು ಬೇಡುವ ಮಗುವಾಯಿತು. ಸಂಸಾರದ ನಿರ್ಣಯಗಳು ಅತ್ತೆಮಾವಂದಿರ ಕೈಯಿಂದ ಎಳೆಯ ದಂಪತಿಗಳ ಕೈಗೆ ಮೆಲ್ಲಮೆಲ್ಲನೆ ಜಾರಿದುವು.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕಾಗಿದೆ. 1990ರ ದಶಕದಲ್ಲಿ ಭಾರತದಲ್ಲಿ ಆದ ಇಳಿಕೆಯ ಬಹುಭಾಗವು ಓದು ಬಾರದ ತಾಯಂದಿರಲ್ಲಿಯೇ ಆದುದೆಂದು ಸಂಶೋಧಕರು ತೋರಿಸಿದ್ದಾರೆ. ನೆರೆಯ ಆಂಧ್ರಪ್ರದೇಶವು ಇನ್ನೂ ಸ್ಪಷ್ಟವಾದ ನಿದರ್ಶನ. 2001ರಲ್ಲಿ ಅಲ್ಲಿಯ ಸ್ತ್ರೀಯರಲ್ಲಿ ಓದುಬರಹ ಬಲ್ಲವರು ನೂರಕ್ಕೆ 50ರಷ್ಟು ಮಾತ್ರ. ಆದರೂ 2005–06ರಲ್ಲಿ ಅಲ್ಲಿಯ ಸರಾಸರಿಯು 1.8ಕ್ಕೆ ಇಳಿದಿದ್ದಿತು. ಹಾಗಾದರೆ ಸ್ತ್ರೀವಿದ್ಯೆಯೇ ಕಾರಣವೆಂಬ ಮಾತು ಎಲ್ಲಿ ನಿಂತಿತು?

ನಮ್ಮ ಉತ್ತರವಿಷ್ಟು. ವಿದ್ಯೆಯು ಅದನ್ನು ಪಡೆದವಳ ಒಬ್ಬಳ ಸ್ವತ್ತಾಗಿ ಉಳಿಯುವುದಿಲ್ಲ; ನೆಚ್ಚಿಕೆಯಿದ್ದ ಕಡೆ ಅದು ಸಾಲವಾಗಿ ಕೈಯಿಂದ ಕೈಗೆ ಹೋಗುತ್ತದೆ. ತಾನು ಓದದ ತಾಯಿಯು ಮಗಳನ್ನು ಶಾಲೆಗೆ ಕಳುಹಿಸಿದ್ದಾಳೆ. ಆ ಮಗಳ ಭವಿಷ್ಯವನ್ನು ನೋಡಿಯೇ ಸಾಕೆಂದು ನಿಲ್ಲಿಸಿದ್ದಾಳೆ. ಮಕ್ಕಳ ಅಭಿವೃದ್ಧಿಯ ಸಮಗ್ರ ಯೋಜನೆಯು 1975ರ ಅಕ್ಟೋಬರಿನಲ್ಲಿ ಕರ್ನಾಟಕದ ಮಟ್ಟಿಗೆ ಮೊದಲಾದುದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ. ಅಂದಿನಿಂದ ಅಂಗನವಾಡಿಯ ಕಾರ್ಯಕರ್ತೆ, ಉಪಕೇಂದ್ರದ ದಾದಿ, 2005ರ ಅನಂತರ ಆಶಾ ಕಾರ್ಯಕರ್ತೆ, ಇವರೆಲ್ಲರೂ ಊರಿನವರೇ ಅಥವಾ ನೆರೆಯೂರಿನವರೇ ಆದ, ಅಷ್ಟಿಷ್ಟು ಓದಿದ ಹೆಣ್ಣುಮಕ್ಕಳು; ತಾವೂ ತಾಯಂದಿರು. ಅಕ್ಷರವರಿಯದವಳು ಸರ್ಕಾರದ ಆಜ್ಞೆಯನ್ನು ನೆಚ್ಚದಿದ್ದರೂ ‘ಅಕ್ಕ’ನ ಮಾತನ್ನು ನೆಚ್ಚುತ್ತಾಳೆ. 1930ರಲ್ಲಿ ತಾಯ್ತನದ ಹೊರಗಿದ್ದ ವಿದ್ಯೆಯು ಹೀಗೆ ತಾಯ್ತನದ ಒಳಕ್ಕೆ ಬಂದಿತು. ಅವಳು ಚುಚ್ಚುಮದ್ದು ಹಾಕಿಸಿದ ಕೂಸು ಉಳಿದುದನ್ನು ಕಂಡಮೇಲೆ ಅವಳ ಮುಂದಿನ ಮಾತಿಗೆ ಬೆಲೆ ಬರುತ್ತದೆ. ಕರ್ನಾಟಕದಲ್ಲಿ ವರ್ಷ ತುಂಬುವುದರೊಳಗೆ ಸಾಯುತ್ತಿದ್ದ ಕೂಸುಗಳು 1992–93ರ ಸಮೀಕ್ಷೆಯಲ್ಲಿ ಸಾವಿರಕ್ಕೆ 65 ಇದ್ದುದು 2019–21ರಲ್ಲಿ 25 ಆಗಿರುವುದನ್ನು ಇದರೊಡನೆ ಸೇರಿಸಿ ಓದಬೇಕು. ‘ಆರತಿಗೊಬ್ಬಳು ಮಗಳು, ಕೀರ್ತಿಗೊಬ್ಬ ಮಗ’ ಎಂಬ ಮಾತು ಜನರ ಬಾಯಲ್ಲಿ ನಿಂತುದು, ಇಬ್ಬರೂ ಬದುಕಿ ಬೆಳೆಯುವರೆಂಬ ನೆಚ್ಚಿಕೆ ಹುಟ್ಟಿದ ಮೇಲೆಯೇ ಅರ್ಥವತ್ತಾಯಿತು.

7

ಈ ವಾದವನ್ನು ಇಂದಿನ ಕರ್ನಾಟಕದ ಒಳಗೇ ಪರೀಕ್ಷಿಸಿ ನೋಡಬಹುದು. ಏಕೆಂದರೆ 1956ರಲ್ಲಿ ಒಂದಾದ ನಾಡಿನ ಭಾಗಗಳು ಅದಕ್ಕೆ ಮುಂಚೆ ಬೇರೆ ಬೇರೆ ದೊರೆತನಗಳಲ್ಲಿದ್ದವು. 2011ರ ಖಾನೇಷುಮಾರಿಯಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ಸ್ತ್ರೀಯರಲ್ಲಿ ನೂರಕ್ಕೆ 84 ಮಂದಿ ಓದುಬರಹ ಬಲ್ಲವರು. ಯಾದಗಿರಿ ಜಿಲ್ಲೆಯಲ್ಲಿ ನೂರಕ್ಕೆ 41. ಜನನಪ್ರಮಾಣವು ಕರಾವಳಿಯಲ್ಲಿಯೂ ಹಳೆಯ ಮೈಸೂರಿನಲ್ಲಿಯೂ ಬೇಗನೆ ಇಳಿದು, ಈಶಾನ್ಯದ ಜಿಲ್ಲೆಗಳಲ್ಲಿ ತಡವಾಗಿ ಇಳಿಯಿತು.

ಈ ಅಂತರಕ್ಕೆ ಬಡತನವೊಂದನ್ನೇ ಕಾರಣವಾಗಿ ಹೇಳಿದರೆ ಚರಿತ್ರೆಯನ್ನು ಮರೆತಂತೆ. ಮಂಗಳೂರಿಗೆ 1834ರಲ್ಲಿ ಬಂದ ಬಾಸೆಲ್ ಮಿಷನ್ನಿನವರು ಶಾಲೆಗಳನ್ನು ತೆರೆದರು, ಕನ್ನಡ ಪುಸ್ತಕಗಳನ್ನು ಅಚ್ಚುಹಾಕಿಸಿದರು. ಅದಕ್ಕಿಂತ ಹಳೆಯದಾದ ಅಳಿಯಸಂತಾನದ ಕಟ್ಟಿನಲ್ಲಿ ತುಳುನಾಡಿನ ಎಷ್ಟೋ ಕುಲಗಳ ವಂಶವೂ ಆಸ್ತಿಯೂ ಹೆಣ್ಣಿನ ಮೂಲಕ ನಡೆದುವು. ಅಲ್ಲಿ ಮಗಳು ಪರರ ಮನೆಯ ಸೊತ್ತಾಗಿರಲಿಲ್ಲ. ಎರಡನೆಯ ಮತ್ತು ನಾಲ್ಕನೆಯ ನೆಚ್ಚಿಕೆಗಳಿಗೆ ಅಲ್ಲಿ ನೆಲವು ಮೊದಲೇ ಹದವಾಗಿದ್ದಿತು. ಯಾದಗಿರಿಯ ಸೀಮೆಯಾದರೋ ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದಿತು. ಆ ಸಂಸ್ಥಾನದ ಆಡಳಿತಭಾಷೆಯೂ ಮೇಲ್ಮಟ್ಟದ ವಿದ್ಯೆಯ ಭಾಷೆಯೂ ಉರ್ದುವಾಗಿದ್ದುವು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯವು ಉರ್ದುವಿನಲ್ಲಿಯೇ ಬೋಧಿಸಿತು. ದೇಶಭಾಷೆಯೊಂದಕ್ಕೆ ಅದರಿಂದ ಗೌರವ ದೊರೆಯಿತೆಂಬುದು ನಿಜವಾದರೂ, ಕನ್ನಡವನ್ನಾಡುವ ರೈತನ ಮಗಳಿಗೆ ಶಾಲೆಯೂ ಕಚೇರಿಯೂ ಎರಡೂ ಪರಭಾಷೆಯವಾದುವು. ತನ್ನ ಮಾತನ್ನಾಡದ ಶಾಲೆಯನ್ನೂ ಸರ್ಕಾರವನ್ನೂ ಜನರು ತಮ್ಮದೆಂದು ನೆಚ್ಚುವುದು ಕಷ್ಟ. ಅಂದು ಬಿದ್ದ ಕೊರತೆಯನ್ನು ತುಂಬಲು ಏಕೀಕರಣದ ಮೇಲಣ ಅರುವತ್ತು ವರ್ಷಗಳೂ ಸಾಲದೆ ಹೋದುವು.

8

ಇಷ್ಟರಿಂದ ನಾವು ಹೇಳಬಹುದಾದುದೇನೆಂದರೆ: ಹೆಣ್ಣುಮಕ್ಕಳ ವಿದ್ಯೆಯು ಜನನಪ್ರಮಾಣವನ್ನು ಇಳಿಸುವ ಯಂತ್ರವಲ್ಲ. ಅದು ಮನೆಯಲ್ಲಿಯೂ ಊರಿನಲ್ಲಿಯೂ ನೆಚ್ಚಿಕೆಯ ಸಂಬಂಧಗಳನ್ನು ಕಟ್ಟಿದಾಗ ದಂಪತಿಗಳು ತಮಗೆ ಬೇಕಾದಷ್ಟೇ ಮಕ್ಕಳನ್ನು ಪಡೆಯುವ ಧೈರ್ಯವನ್ನು ಹೊಂದುತ್ತಾರೆ. ಕಟ್ಟದಿದ್ದಾಗ ಶಾಲೆಯ ಅಂಕಿಯು ಅಂಕಿಯಾಗಿಯೇ ಉಳಿಯುತ್ತದೆ. ಮೈಸೂರಿನ ಸರ್ಕಾರದವರು 1930ರಲ್ಲಿ ತಪ್ಪು ಮಾಡಿದರೆಂದು ನಾವು ಹೇಳುವುದಿಲ್ಲ. ಅವರು ಬಾಗಿಲನ್ನು ತೆರೆದರು. ಬಾಗಿಲವರೆಗೆ ಬರುವ ದಾರಿಯು ಇನ್ನೂ ಆಗಿರಲಿಲ್ಲ.

ಈ ಚರಿತ್ರೆಯು ಮುಗಿದ ಕಥೆಯೂ ಅಲ್ಲ. 1.7ಕ್ಕೆ ಇಳಿದ ಸರಾಸರಿಯನ್ನು ಕಂಡು ಈಗ ಭಯವು ಬೇರೆ ದಿಕ್ಕಿನಿಂದ ಹುಟ್ಟಿದೆ. ದಕ್ಷಿಣದ ರಾಜ್ಯಗಳಲ್ಲಿ ಮುದುಕರು ಹೆಚ್ಚಿ ದುಡಿಯುವವರು ಕಡಮೆಯಾಗುವರು, ಲೋಕಸಭೆಯಲ್ಲಿ ಸ್ಥಾನಗಳು ಕುಗ್ಗುವುವು ಎಂಬ ಚಿಂತೆಯಿಂದ ಹೆಚ್ಚು ಮಕ್ಕಳನ್ನು ಪಡೆಯಿರೆಂದು 2024ರಲ್ಲಿ ನೆರೆಯ ರಾಜ್ಯಗಳ ಮುಖಂಡರು ಬಹಿರಂಗವಾಗಿ ಹೇಳಿದರು. ಇಬ್ಬರಿಗಿಂತ ಹೆಚ್ಚು ಮಕ್ಕಳುಳ್ಳವರು ಸ್ಥಳೀಯ ಚುನಾವಣೆಗೆ ನಿಲ್ಲಬಾರದೆಂಬ ನಿಯಮವನ್ನು ಆಂಧ್ರಪ್ರದೇಶವು ಆ ವರ್ಷವೇ ತೆಗೆದುಹಾಕಿತು. ಆ ನಿಯಮವು ಹೋದುದು ಒಳ್ಳೆಯದೇ. ಆದರೆ ಕಡಮೆ ಹೆರು ಎಂದು ಒಂದು ಕಾಲದಲ್ಲಿಯೂ, ಹೆಚ್ಚು ಹೆರು ಎಂದು ಮತ್ತೊಂದು ಕಾಲದಲ್ಲಿಯೂ ಹೆಣ್ಣಿಗೆ ಆಜ್ಞೆ ಮಾಡುವವರು ಒಂದೇ ತಪ್ಪನ್ನು ಎರಡು ಸಲ ಮಾಡಿದಂತಾಗುತ್ತದೆ.

ಇನ್ನೊಂದು ಮಾತು. ನೂರಕ್ಕೆ 57 ಮಂದಿ ಸ್ತ್ರೀಯರು ಶಸ್ತ್ರಚಿಕಿತ್ಸೆಗೆ ಒಳಗಾಗಿರುವ ನಾಡಿನಲ್ಲಿ ಅದೆಷ್ಟು ಮಂದಿಗೆ ಬೇರೆ ಉಪಾಯಗಳ ತಿಳಿವಳಿಕೆ ಸಮವಾಗಿ ದೊರೆತಿದ್ದಿತು, ಎಷ್ಟು ಮಂದಿಯ ಗಂಡಂದಿರು ಆ ಭಾರದಲ್ಲಿ ಪಾಲು ಹೊರಲು ಒಪ್ಪಿದ್ದರು ಎಂಬ ಪ್ರಶ್ನೆಯನ್ನು ಕೇಳದೆ 1.7ನ್ನು ಜಯವೆಂದು ಕೊಂಡಾಡುವುದು ಸಲ್ಲದು. ಮನೆಯೊಳಗಣ ನೆಚ್ಚಿಕೆಯ ಲೆಕ್ಕದಲ್ಲಿ ಗಂಡಸರ ಕಡೆಯ ಬಾಕಿ ಇನ್ನೂ ಸಂದಾಯವಾಗಿಲ್ಲ. 1994ರಿಂದ ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಭಾಗವನ್ನು ಕಾನೂನು ಕೊಟ್ಟಿದೆ. ಅದನ್ನು ಕೇಳಿ ಪಡೆದ ಮಗಳಿಗೆ ತವರಿನ ಬಾಗಿಲು ತೆರೆದೇ ಇರುತ್ತದೆಯೆ ಎಂಬುದರ ಮೇಲೆ ಮುಂದಿನ ತಲೆಮಾರಿನ ನೆಚ್ಚಿಕೆಯು ನಿಂತಿದೆ.

ಸಾಹಿತ್ಯವನ್ನು ಬೋಧಿಸುವವರಿಗೂ ಇದರಲ್ಲಿ ಕೆಲಸವುಂಟು. ಖಾನೇಷುಮಾರಿಯು ಎಷ್ಟು ಮಕ್ಕಳೆಂದು ಹೇಳುತ್ತದೆ. ಯಾವ ಭಯದಿಂದ, ಯಾವ ಭರವಸೆಯಿಂದ ಎಂಬುದನ್ನು ಹೇಳುವುದಿಲ್ಲ. ಬಾಣಂತಿಯ ಹಾಡುಗಳಲ್ಲಿಯೂ, ಬಂಜೆಯ ಅಳಲನ್ನು ಹೇಳುವ ಕಥೆಗಳಲ್ಲಿಯೂ, ಹಿಂದಿನ ಲೇಖಕಿಯರ ಪತ್ರಿಕೆಗಳಲ್ಲಿಯೂ ಅದು ಚದುರಿಹೋಗಿದೆ. ಅವುಗಳನ್ನು ಅಂಕಿಗಳ ಪಕ್ಕದಲ್ಲಿಟ್ಟು ಓದುವವರು ಮುಂದೆ ಬಂದರೆ, ಈ ಲೇಖನದಲ್ಲಿ ಸ್ಥೂಲವಾಗಿ ಹೇಳಿದುದು ಸೂಕ್ಷ್ಮವಾಗಿಯೂ ಸಪ್ರಮಾಣವಾಗಿಯೂ ನಿಲ್ಲುವುದೆಂದು ಆಶಿಸುತ್ತೇವೆ.